ಏರು, ಇಳಿತ ಮತ್ತು ಒಂದಿಷ್ಟು ಹೆಂಚು

ಮಂಗಳೂರಿನಲ್ಲಿ ಸಮತಟ್ಟಾದ ರಸ್ತೆಯನ್ನು ಹುಡುಕಬೇಕು. ಒಂದೋ ಏರು, ಇಲ್ಲವೇ ಇಳಿತ. ಮೊಬೈಲಿನ ಮ್ಯಾಪು ‘ಎಂಟು ನಿಮಿಷದ ನಡಿಗೆ’ ಎಂದು ತೋರಿಸಿದರೆ ನಂಬಬೇಡಿ, ಅದು ಮೊಣಕಾಲನ್ನು ಕೇಳಿ ಹಾಕಿದ ಲೆಕ್ಕವಲ್ಲ. ಬಸವನಗುಡಿಯಲ್ಲಿ ಬೆಳೆದ ನನಗೆ ಗುಡ್ಡ ಎಂದರೆ ಕಹಳೆ ಬಂಡೆ. ಐದು ನಿಮಿಷದಲ್ಲಿ ಹತ್ತಿ, ಒಂದು ಪೊಟ್ಟಣ ಕಡಲೆಕಾಯಿ ತಿಂದು, ಇಳಿದು ಬರಬಹುದು. ಇಲ್ಲಿ ಹಾಗಲ್ಲ. ಇಡೀ ಊರೇ ಗುಡ್ಡಗಳ ಮೇಲೆ ಕೂತಿದೆ.

ಡಿಗ್ರಿಯ ಕೊನೆಯ ಪರೀಕ್ಷೆ ಮುಗಿಸಿ ನಾಲ್ವರು ಗೆಳತಿಯರು ಗೋಕರ್ಣ, ಮುರುಡೇಶ್ವರ, ಉಡುಪಿ ಎಂದು ಸುತ್ತಿ ಕೊನೆಯ ದಿನ ಮಂಗಳೂರಿಗೆ ಬಂದಿದ್ದೆವು. ರಾತ್ರಿ ಬೆಂಗಳೂರಿಗೆ ರೈಲು. ಪರ್ಸಿನಲ್ಲಿ ಉಳಿದದ್ದು ಊಟಕ್ಕೂ ಬಸ್ಸಿಗೂ ಸಾಲುವಷ್ಟು. ಬ್ಯಾಗುಗಳನ್ನು ಸೆಂಟ್ರಲ್ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿಟ್ಟು ಹಂಪನಕಟ್ಟೆಗೆ ನಡೆದೆವು. ಬಾವುಟಗುಡ್ಡಕ್ಕೆ ದಾರಿ ಕೇಳಿದಾಗ ಆಟೊದವರೊಬ್ಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ನಡ್ಕೊಂಡಾ? ಎಂತ ಮಾರಾಯ್ರೆ, ಚಡಾವು ಉಂಟಲ್ಲ” ಎಂದರು. ಅವರು ಬಾಡಿಗೆಗಾಗಿ ಹೇಳಿದ್ದಲ್ಲ ಎಂಬುದು ಅರ್ಧ ಹತ್ತುವಷ್ಟರಲ್ಲಿ ತಿಳಿಯಿತು.

ಬಾವುಟಗುಡ್ಡದ ಹೆಸರಿನಲ್ಲೇ ಅದರ ಕಥೆಯಿದೆ. 1837ರಲ್ಲಿ, ಅಂದರೆ ಸಿಪಾಯಿ ದಂಗೆಗೆ ಇಪ್ಪತ್ತು ವರ್ಷ ಮೊದಲೇ, ಸುಳ್ಯ ಸೀಮೆಯ ರೈತರು ಕಂಪನಿ ಸರ್ಕಾರದ ವಿರುದ್ಧ ಎದ್ದು ಮಂಗಳೂರಿನವರೆಗೂ ಬಂದು ಈ ಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿದ್ದರು. ಆ ಹೋರಾಟದ ಮುಂದಾಳು ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ 2022ರಿಂದ ಇಲ್ಲಿ ನಿಂತಿದೆ. ನಮ್ಮ ಪಠ್ಯಪುಸ್ತಕದಲ್ಲಿ ಇದು ಇತ್ತೇ ಎಂದು ನಾಲ್ವರೂ ನೆನಪಿಸಿಕೊಳ್ಳಲು ನೋಡಿದೆವು. ಒಬ್ಬಳಿಗೂ ನೆನಪಾಗಲಿಲ್ಲ.

ಅದೇ ಗುಡ್ಡದಲ್ಲಿರುವ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿಗೆ ಸುಮ್ಮನೆ ಇಣುಕಿ ಬರೋಣ ಎಂದು ಹೋದವರು ಮುಕ್ಕಾಲು ಗಂಟೆ ಕುಳಿತೆವು. ಗೋಡೆ, ಕಂಬ, ಮೇಲ್ಛಾವಣಿ, ಒಂದು ಗೇಣು ಜಾಗವೂ ಖಾಲಿಯಿಲ್ಲ, ಎಲ್ಲೆಲ್ಲೂ ಚಿತ್ರ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಸಹೋದರ 1899ರಲ್ಲಿ ಕುಂಚ ಹಿಡಿದು ಎರಡು ವರ್ಷಕ್ಕೂ ಹೆಚ್ಚು ಕಾಲ ಬರೆದದ್ದು. ಕತ್ತು ನೋಯುವವರೆಗೆ ಮೇಲೆ ನೋಡಿದ ನನ್ನ ಗೆಳತಿ, “ಇವರಿಗೆ ಡೆಡ್‌ಲೈನ್ ಕೊಟ್ಟಿದ್ದು ಯಾರೋ?” ಎಂದಳು. ಅವಳಿಗೆ ಮುಂದಿನ ತಿಂಗಳು ಕೆಲಸಕ್ಕೆ ಸೇರುವುದಿತ್ತು.

ಮಧ್ಯಾಹ್ನದ ಬನ್ಸ್, ಗೋಳಿಬಜೆ, ಗಡ್‌ಬಡ್ ಐಸ್‌ಕ್ರೀಮುಗಳ ಬಗ್ಗೆ ಈ ಪುಟದಲ್ಲೇ ಸಾಕಷ್ಟು ಜನ ಬರೆದಿದ್ದಾರೆ. ಎಲ್ಲವೂ ನಿಜ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನನಗೆ ಈ ಊರಿನಲ್ಲಿ ಬೇರೆಯೇ ಒಂದು ಹುಡುಕಾಟವಿತ್ತು. ಚಾಮರಾಜಪೇಟೆಯಲ್ಲಿ ನನ್ನ ಅಜ್ಜಿಯ ಮನೆಯಿದೆ. ಹೆಂಚಿನ ಮಾಡು, ಕಿಟಕಿಯ ಮೇಲೆ ಮಂಕಿ ಟಾಪ್, ಮುಂದೆ ಕಲ್ಲಿನ ಜಗುಲಿ. ಮಾವಂದಿರು ಅದನ್ನು ಬಿಲ್ಡರ್‌ಗೆ ಕೊಡಲು ಸಹಿ ಹಾಕಿದ್ದಾರೆ. ಮಳೆಗಾಲಕ್ಕೆ ಮೊದಲು ಕೆಡವುತ್ತಾರೆ. ಹೊರಡುವ ದಿನ ಅಜ್ಜಿ, “ನಮ್ಮನೆ ಹೆಂಚು ಮಂಗಳೂರಿಂದು ಕಣೇ. ಹೆಂಗೂ ಹೋಗ್ತಿದೀಯ, ಅಲ್ಲಿ ಈಗ್ಲೂ ಅಂಥ ಮನೆ ಇದಾವಾ ನೋಡ್ಕೊಂಡು ಬಾ” ಎಂದಿದ್ದರು.

ಹೆಂಚಿನ ಕಥೆ ಶುರುವಾಗುವುದು ಜೆಪ್ಪುವಿನಲ್ಲಿ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಡದ ಹತ್ತಿರ ಮೊದಲ ಕಾರ್ಖಾನೆ ತೆರೆದರು. ನದಿಯ ಜೇಡಿಮಣ್ಣು, ಅಚ್ಚು, ಬೆಂಕಿ. ಒಂದರ ತುಟಿ ಇನ್ನೊಂದನ್ನು ಕಚ್ಚಿಕೊಂಡು ಕೂರುವುದರಿಂದ ಮಳೆ ಎಷ್ಟೇ ಹೊಡೆದರೂ ನೀರು ಜಾರಿ ಹೋಗುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿಗೆ ಇದು ತಕ್ಕದ್ದೇ. ಸಾವಿರ ಮಿಲಿಮೀಟರಿನ ಆಸುಪಾಸಿನ ನಮ್ಮ ಬೆಂಗಳೂರೂ ಅದನ್ನು ತಲೆಯ ಮೇಲೆ ಹೊತ್ತುಕೊಂಡಿತು. ಚಾಮರಾಜಪೇಟೆ 1892ರಲ್ಲಿ ಬಂತು. 1898ರ ಪ್ಲೇಗಿನ ಹೊಡೆತದಲ್ಲಿ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಹಾಸನದಿಂದ ಮಂಗಳೂರಿಗೆ ರೈಲು ಹಳಿ ಬಿದ್ದದ್ದು 1979ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಹೆಂಚು ನಮ್ಮೂರು ತಲುಪಿತ್ತು.

ಹೆಂಚಷ್ಟೇ ಅಲ್ಲ. 1843ರ ಜುಲೈ 1ರಂದು ಇದೇ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಇಲ್ಲಿಂದ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಜುಲೈ 1 ಇಂದಿಗೂ ನಮಗೆ ಪತ್ರಿಕಾ ದಿನ. 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದದ್ದೂ ಈ ಊರಿನಲ್ಲೇ. ಸಾಹಿತ್ಯ ಪರಿಷತ್ತಿನ ಪಕ್ಕದ ರಸ್ತೆಗಳಲ್ಲಿ ಆಡಿ ಬೆಳೆದು, ಕನ್ನಡದ ಕೆಲಸವೆಲ್ಲ ಚಾಮರಾಜಪೇಟೆಯಲ್ಲೇ ನಡೆದದ್ದು ಎಂಬ ಹಮ್ಮಿದ್ದರೆ ಬಲ್ಮಠದ ಏರನ್ನು ಒಮ್ಮೆ ಹತ್ತಿ ಬರಬೇಕು.

ಬಲ್ಮಠದಿಂದ ಕದ್ರಿಗೆ ಬಸ್ಸು ಹಿಡಿದೆವು. ಮಂಜುನಾಥನ ಗುಡಿಯಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಪೀಠದ ಶಾಸನ ಆಳುಪ ದೊರೆ ಕುಂದವರ್ಮನ ಕಾಲದ್ದು, ಕ್ರಿ.ಶ. 968. ಬೌದ್ಧರ ಲೋಕೇಶ್ವರ ಶಿವನ ಗುಡಿಯಲ್ಲಿ ಸಾವಿರ ವರ್ಷದಿಂದ ನೆಮ್ಮದಿಯಾಗಿ ಕೂತಿದ್ದಾನೆ. ಗುಡಿಯ ಹಿಂದಿನ ಮೆಟ್ಟಿಲು ಹತ್ತಿದರೆ ಕೆರೆಗಳು, ಅದಕ್ಕೂ ಮೇಲೆ ಜೋಗಿ ಮಠ. ಅಲ್ಲಿ ನಿಂತು ಅಜ್ಜಿಗಾಗಿ ಕಣ್ಣು ಹಾಯಿಸಿದೆ. ತೆಂಗಿನ ಗರಿಗಳ ನಡುವೆ ಕೆಂಪು ಮಾಡುಗಳು ಕಂಡವು. ಅವಕ್ಕಿಂತ ಎತ್ತರಕ್ಕೆ ಅಪಾರ್ಟ್‌ಮೆಂಟುಗಳೂ ಕಂಡವು. ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿದು ಕಳಿಸಿದೆ.

ಇಳಿಯುವ ದಾರಿಯಲ್ಲಿ ಮನೆಯೊಂದನ್ನು ಕೆಡವುತ್ತಿದ್ದರು. ಮುರಕಲ್ಲಿನ ಗೋಡೆ ಅರ್ಧ ಬಿದ್ದಿತ್ತು. ಹೆಂಚುಗಳನ್ನು ಮಾತ್ರ ಮಕ್ಕಳನ್ನು ಇಳಿಸುವ ಹಾಗೆ ಒಂದೊಂದಾಗಿ ಇಳಿಸಿ ಜೋಡಿಸಿದ್ದರು. ಒಂದನ್ನು ತಿರುಗಿಸಿ ನೋಡಿದೆ. ಬಾಸೆಲ್ ಮಿಷನ್ನಿನ ಹೆಸರು, 1865 ಎಂಬ ಅಂಕಿ. “ಹಳೇದಕ್ಕೇ ಡಿಮಾಂಡು ಈಗ. ರೆಸಾರ್ಟಿನವರು, ಕೆಫೆಯವರು ತಗೊಂಡು ಹೋಗ್ತಾರೆ” ಎಂದರು ಕೆಲಸದವರು. ಮನೆ ಬೇಡ, ಮನೆಯ ಕಳೆ ಬೇಕು! ನನಗೆ ಸಿಟ್ಟೂ ಬಂತು. ಗುಜರಿಗೆ ಹೋಗುವುದಕ್ಕಿಂತ ವಾಸಿ ಎಂದೂ ಅನ್ನಿಸಿತು.

ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿ. ಫಲ್ಗುಣಿ ನದಿಯೊಳಗೆ ಹಗೆಯ ಹಡಗು ಬರದಂತೆ ಕಾಯಲು ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಪುಟ್ಟ ಬುರುಜು. ಮುಂದೆಯೇ ದೋಣಿಯ ಕಟ್ಟೆ. ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ತುಸು ನಡೆದರೆ ತಣ್ಣೀರುಬಾವಿ ಕಡಲತೀರ. ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರ, ನಡುವೆ ಒಂದು ಪಟ್ಟಿ ಮರಳು. ಇಡೀ ದಿನದಲ್ಲಿ ಕಾಲಿಗೆ ಸಿಕ್ಕ ಮೊದಲ ಸಮತಟ್ಟು ನೆಲ.

ಗೆಳತಿಯರು ನೀರಿಗಿಳಿದರು. ನಾನು ದೊಡ್ಡ ಮಾವನಿಗೆ ಫೋನು ಮಾಡಿ ಹೆಂಚುಗಳನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಕಂಟ್ರ್ಯಾಕ್ಟರ್ ಲೆಕ್ಕಕ್ಕೆ ಹಿಡಿದಾಗಿದೆ ಎಂದರು. ಅಜ್ಜಿಯ ಕೋಣೆಯ ಮೇಲಿನವಾದರೂ ಬೇಕು ಎಂದೆ.

“ಎಲ್ಲಿಡ್ತೀಯೇ?”

ಯಾರ ಫ್ಲ್ಯಾಟಿನಲ್ಲೂ ಮಾಡು ಇರುವುದಿಲ್ಲವಲ್ಲ. ಆದರೂ ಬೇಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಮಾವ, “ಇಪ್ಪತ್ತು ಸಾಕಾ?” ಎಂದು ಕೇಳಿದರು. ಅಷ್ಟರಲ್ಲಿ ಕೊನೆಯ ದೋಣಿ ಹೊರಡುತ್ತದೆ ಎಂದು ಯಾರೋ ಕೂಗಿದರು. ಐವತ್ತು ಎಂದು ಹೇಳಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಿದೆ.