ಉಸಿರು ಹಿಡಿದರೆ ಸಿಗುವ ಗಡ್ಡೆ

ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಒಬ್ಬ ರಿಟೈರ್ಡ್ ಕಂಡಕ್ಟರ್ ದಿನಾ ಸಂಜೆ ಜಗಲಿ ಮೇಲೆ ಕೂತು ಉಸಿರು ಹಿಡಿಯುತ್ತಾರೆ. ಪ್ರಾಣಾಯಾಮ ಅಂದುಕೊಂಡು ಇಬ್ಬರು ಶಿಷ್ಯರಾಗಲು ಬಂದಿದ್ದರಂತೆ! ವಿಷಯ ಅದಲ್ಲ. ಅವರ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಗಡ್ಡೆ. ಕ್ಯಾನ್ಸರ್. ಹೃದಯ ವೀಕಾದ್ದರಿಂದ ಆಪರೇಷನ್ ಬೇಡ, ಕರೆಂಟ್ ಕೊಡೋಣ ಎಂದಿದ್ದಾರೆ ಬೆಂಗಳೂರಿನ ಡಾಕ್ಟರು.

ಕರೆಂಟ್ ಎಂದರೆ ಮನೆಗೆ ಬರುವ ಕರೆಂಟಲ್ಲ. ಎಕ್ಸ್‌ರೇ ಜಾತಿಯದೇ ಕಿರಣ, ಬಲು ಖಾರ. ಅದಕ್ಕೂ ಉಸಿರಿಗೂ ಏನು ಸಂಬಂಧ ಎಂದು ಕೇಳಿದೆ. ‘ನಾನು ಉಸಿರಾಡಿದ್ರೆ ಗಡ್ಡೆನೂ ಓಡಾಡ್ತದಂತೆ ಕಣಯ್ಯಾ’ ಎಂದರು.

ನಿಜ ಸ್ವಾಮಿ. ಮನುಷ್ಯ ನಿಮಿಷಕ್ಕೆ ಹದಿನೈದು ಸಲ ಉಸಿರಾಡುತ್ತಾನೆ ಎನ್ನಿ. ಕೆಳಭಾಗದ ಗಡ್ಡೆ ಪ್ರತಿ ಉಸಿರಿಗೂ ಒಂದು, ಕೆಲವರಲ್ಲಿ ಎರಡು ಸೆಂಟಿಮೀಟರ್ ಮೇಲೆ ಕೆಳಗೆ ಆಡುತ್ತದೆ. ಕಿರಣ ಮಾತ್ರ ನಿಂತಲ್ಲೇ. ಗುರಿ ತಪ್ಪಬಾರದೆಂದು ಡಾಕ್ಟರು ಗಡ್ಡೆಯ ಸುತ್ತಲಿನ ಜಾಗವನ್ನೂ ಸೇರಿಸಿ ಹೊಡೆಯುತ್ತಾರೆ. ಆರೋಗ್ಯದ ಶ್ವಾಸಕೋಶವೂ ಬೇಯುತ್ತದೆ. ಕೆಲವರಿಗೆ ತಿಂಗಳುಗಳ ಮೇಲೆ ಕೆಮ್ಮು, ಏದುಸಿರು. ಗಡ್ಡೆ ಅನ್ನನಾಳ, ಹೃದಯದ ಪಕ್ಕದಲ್ಲಿದ್ದರಂತೂ ಕೈ ಬಿಗಿಹಿಡಿಯಲೇಬೇಕು.

ನೋಡ್ಕೊಂಡೇ ಹೊಡೀಬಾರದೆ? ಸಾಮಾನ್ಯವಾಗಿ ಸಿ.ಟಿ. ಸ್ಕ್ಯಾನ್ ಆಗೋದು ಮೊದಲು, ಕಿರಣ ಆಮೇಲೆ. ನಡುವೆ ಹೊಟ್ಟೆಯ ಏರಿಳಿತ ಅಳೆದು ಗಡ್ಡೆ ಎಲ್ಲಿದೆಯೆಂದು ಅಂದಾಜು ಮಾಡುತ್ತಾರೆ. ಹಾರ್ನ್ ಕೇಳಿ ಬಸ್ಸು ಯಾವ ಸ್ಟಾಪಲ್ಲಿದೆ ಎಂದು ಹೇಳಿದ ಹಾಗೆ!

ಎಂ.ಆರ್.ಐ.ನಲ್ಲಿ ಎಕ್ಸ್‌ರೇ ಇಲ್ಲ, ಎಷ್ಟು ಹೊತ್ತಾದರೂ ನೋಡಬಹುದು. ಹಾಗಾದರೆ ಅದನ್ನೂ ಕರೆಂಟ್ ಮೆಷಿನನ್ನೂ ಒಂದೇ ಮಾಡಿದರಾಯ್ತಲ್ಲ? ಅಲ್ಲೇ ಇರೋದು ಜಗಳ. ಕಿರಣ ಹುಟ್ಟಿಸುವ ಎಲೆಕ್ಟ್ರಾನುಗಳನ್ನು ಆಯಸ್ಕಾಂತ ದಾರಿ ತಪ್ಪಿಸುತ್ತದೆ. ಕಿರಣದ ಯಂತ್ರದ ರೇಡಿಯೋ ಗದ್ದಲ ಎಂ.ಆರ್.ಐ. ಚಿತ್ರವನ್ನು ಕೆಡಿಸುತ್ತದೆ. ಅತ್ತೆ ಸೊಸೆ ಒಂದೇ ಒಲೆಗೆ ನಿಂತಂತೆ. (ಆಯಸ್ಕಾಂತದ ಪಾಠದ ದಿನ ಪಿ.ಯು.ಸಿ. ಕ್ಲಾಸಿಗೆ ಚಕ್ಕರ್ ಹೊಡೆದವನು ನಾನು. ಈಗ ಅನುಭವಿಸುತ್ತಿದ್ದೇನೆ.)

ಹಾಲೆಂಡಿನ ಉಟ್ರೆಕ್ಟ್ ಆಸ್ಪತ್ರೆಯ ಲಾಗೆನ್‌ಡೈಕ್, ರಾಯ್‌ಮಾಕರ್ಸ್ ತಂಡ ಈ ಜಗಳ ಬಿಡಿಸಲು ವರ್ಷಗಟ್ಟಲೆ ಕೂತಿತು. ಭೂಮಿಯ ಕಾಂತಶಕ್ತಿಯ ಸುಮಾರು 30,000 ಪಟ್ಟು, ಅಂದರೆ 1.5 ಟೆಸ್ಲಾ ಆಯಸ್ಕಾಂತ. ಅದರ ಹೊರಗೆ ಶಕ್ತಿ ಹೆಚ್ಚುಕಮ್ಮಿ ಸೊನ್ನೆಯಾಗುವ ಒಂದು ಪಟ್ಟಿ ಮಾಡಿ, ಅಲ್ಲಿ ಕಿರಣದ ಯಂತ್ರದ ಸೂಕ್ಷ್ಮಭಾಗ ಕೂರಿಸಿದರು. 2017ರ ಮೇ ತಿಂಗಳಲ್ಲಿ ಮೊದಲ ರೋಗಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 2014ರಲ್ಲೇ ಇನ್ನೊಂದು ಬಗೆಯ ಯಂತ್ರ ಶುರುವಾಗಿತ್ತು: ಸಣ್ಣ ಆಯಸ್ಕಾಂತ, ಕೋಬಾಲ್ಟ್ ಕಿರಣ.

ನನಗೆ ಹಿಡಿಸಿದ್ದು ಆಮ್‌ಸ್ಟರ್‌ಡ್ಯಾಂನ ಪದ್ಧತಿ. ರೋಗಿಗೆ ತನ್ನ ಗಡ್ಡೆಯೇ ಪರದೆಯಲ್ಲಿ ಕಾಣುತ್ತದೆ, ಸುತ್ತ ಒಂದು ಗೆರೆ. ಉಸಿರು ಎಳೆದು ಗಡ್ಡೆಯನ್ನು ಗೆರೆಯೊಳಗೆ ತಂದು ನಿಲ್ಲಿಸಬೇಕು. ಒಳಗಿದ್ದರೆ ಕಿರಣ ಹರಿಯುತ್ತದೆ, ಹೊರಗೆ ಜಾರಿದರೆ ತಾನಾಗಿ ನಿಲ್ಲುತ್ತದೆ. ಮಲಗಿಸಿಕೊಂಡು ಏನೇನೋ ಮಾಡುತ್ತಾರೆ ಎಂದು ಹೆದರುವ ಮನುಷ್ಯ ಇಲ್ಲಿ ತಾನೇ ಡ್ರೈವರ್!

ಹಾಗಂತ ಎಲ್ಲಾ ಸಲೀಸಲ್ಲ. ಎಂ.ಆರ್.ಐ. ನೋಡೋದು ಮೈಯೊಳಗಿನ ನೀರನ್ನು. ಶ್ವಾಸಕೋಶದಲ್ಲಿರೋದು ಗಾಳಿ. ಚಿತ್ರದಲ್ಲಿ ಅದು ಕತ್ತಲು, ಸಣ್ಣ ಗಡ್ಡೆ ಕಳೆದೂಹೋಗಬಹುದು. ಗಾಳಿ ಸಿಕ್ಕಲ್ಲಿ ಎಲೆಕ್ಟ್ರಾನುಗಳು ಸುರುಳಿ ಸುತ್ತಿ ಹಿಂದಕ್ಕೆ ಬಂದು ಅಂಚನ್ನು ಸುಡುತ್ತವೆ. ಅದನ್ನೂ ಮೊದಲೇ ಲೆಕ್ಕ ಹಾಕಬೇಕು. ಪೇಸ್‌ಮೇಕರ್ ಇದ್ದವರಿಗೆ ತೊಡಕು. ಒಬ್ಬರಿಗೇ ಮುಕ್ಕಾಲು ಗಂಟೆ ಹಿಡಿಯುತ್ತದೆ. ನಮ್ಮಲ್ಲಿ ಹೊರಗೆ ಕ್ಯೂ ನಿಂತವರ ಗತಿ? ಬೆಲೆಯಂತೂ ಕೇಳಬೇಡಿ. ಸೇಂಟ್ ಲೂಯಿಸ್ ಯಂತ್ರ ಮಾಡಿದ ವ್ಯೂರೇ ಕಂಪನಿಯೇ 2023ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು. ಶ್ವಾಸಕೋಶದ ರೋಗಿಗಳು ಇದರಿಂದ ಹೆಚ್ಚು ವರ್ಷ ಬದುಕುತ್ತಾರೆ ಎನ್ನುವ ಗಟ್ಟಿ ಲೆಕ್ಕವೂ ಇನ್ನೂ ಬಂದಿಲ್ಲ.

ನಮ್ಮ ಕಂಡಕ್ಟರ್ ಹೋಗುವ ಆಸ್ಪತ್ರೆಯಲ್ಲಿ ಆ ಯಂತ್ರ ಇಲ್ಲ. ಸಿ.ಟಿ., ಹೊಟ್ಟೆಗೊಂದು ಬೆಲ್ಟು, ‘ಇಪ್ಪತ್ತು ಸೆಕೆಂಡ್ ಉಸಿರು ಹಿಡಿಯೋದು ಕಲಿತು ಬನ್ನಿ’ ಎಂಬ ಸೂಚನೆ. ಅಷ್ಟರಿಂದಲೂ ಗಡ್ಡೆಯ ಓಡಾಟಕ್ಕೆ ಕಡಿವಾಣ ಬೀಳುತ್ತದೆ. ಮೊದಲ ದಿನ ಒಂಬತ್ತಕ್ಕೇ ಕೆಮ್ಮು ಬಂತಂತೆ. ನಿನ್ನೆ ನಾನಿದ್ದಾಗ ಸೊಸೆ ಗಡಿಯಾರ ನೋಡಿಕೊಂಡು ಎಣಿಸಿದಳು. ಹದಿನೇಳು. ಸೋಮವಾರ ರಾತ್ರಿ ಬಸ್ಸಿಗೆ ಹೊರಡುತ್ತಾರೆ.