ಬೆಟ್ಟಕ್ಕೊಂದು ಕಪ್ಪೆ

ಕಪ್ಪೆಯೊಂದು ಎಷ್ಟು ದೂರ ಹರಡಬಲ್ಲದು ಎಂಬುದು ಅದರ ಕಾಲಿನ ಬಲಕ್ಕಿಂತ ಹೆಚ್ಚಾಗಿ ಅದು ಹುಟ್ಟಿದ ನೆಲವನ್ನು ಅವಲಂಬಿಸಿದೆ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ಬಯಲುಸೀಮೆಯ ಊರುಗಳಲ್ಲಿ ಮಳೆ ಬಿದ್ದೊಡನೆ ಹೊಂಡಗಳಲ್ಲಿ ವಟಗುಟ್ಟುವ ದೊಡ್ಡ ಗೋಂಕರು ಕಪ್ಪೆ ಪಾಕಿಸ್ತಾನದಿಂದ ಮ್ಯಾನ್ಮಾರ್‌ವರೆಗೂ ಇದೆ. ಹೊಲದ ನೀರು, ಕಾಲುವೆ, ಕೆರೆ ಯಾವುದಾದರೂ ಅದಕ್ಕೆ ಸಾಕು. ಬೇಸಿಗೆಯಲ್ಲಿ ಮಣ್ಣಿನೊಳಗೆ ಸೇರಿ ಮಳೆಗೆ ಕಾಯುತ್ತದೆ. ರಾಣೆಬೆನ್ನೂರಿನ ಸೀಮೆಗೆ ನೀರು ತರುವ ತುಂಗಭದ್ರೆಯ ಮೂಲ ಹುಡುಕುತ್ತ ಕುದುರೆಮುಖದ ಗಂಗಾಮೂಲದತ್ತ ಹೋದರೆ ಚಿತ್ರ ಬದಲಾಗುತ್ತದೆ. ಅಲ್ಲಿಂದ ತೆಂಕಣಕ್ಕೆ ಪಶ್ಚಿಮ ಘಟ್ಟ ಏರಿದಂತೆಲ್ಲ ಕಪ್ಪೆಗಳ ಬಗೆ ಹೆಚ್ಚುತ್ತದೆ, ಒಂದೊಂದು ಬಗೆಯ ನೆಲೆ ಕಿರಿದಾಗುತ್ತದೆ. ಕೇರಳದ ಆನೆಮುಡಿ 2,695 ಮೀಟರ್ ಎತ್ತರದ ಶಿಖರ. 2010ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕಿತ್ತಳೆಗೆಂಪಿನ ಪೊದೆಗಪ್ಪೆಯೊಂದಕ್ಕೆ ಆ ಬೆಟ್ಟದ ನೆತ್ತಿಯ ಕೆಲವೇ ಚದರ ಕಿಲೋಮೀಟರ್ ಹುಲ್ಲುಗಾವಲೇ ಆಗ ಗೊತ್ತಿದ್ದ ನೆಲೆ.

ಈ ವ್ಯತ್ಯಾಸದ ಬೇರು ಕಪ್ಪೆಯ ಚರ್ಮದಲ್ಲಿದೆ. ತೆಳುವಾದ, ಸದಾ ತೇವವಾಗಿರಬೇಕಾದ ಆ ಚರ್ಮದ ಮೂಲಕವೂ ಅದು ಉಸಿರಾಡುತ್ತದೆ. ಬಿಸಿಲು, ಒಣಗಾಳಿ ತಾಗಿದರೆ ಮೈಯ ನೀರು ಬೇಗ ಆರಿಹೋಗುತ್ತದೆ. ಬೆಟ್ಟದ ಮೇಲಿನ ಮಂಜು ಮುಸುಕಿದ ಶೋಲಾ ಕಾಡಿಗೆ ಒಗ್ಗಿದ ಕಪ್ಪೆಗೆ ಎರಡು ಬೆಟ್ಟಗಳ ನಡುವಿನ ಬೆಚ್ಚನೆಯ ಕಣಿವೆ ದಾಟಲಾಗದ ಕಡಲು. ಹೀಗೆ ಒಂಟಿಯಾಗಿ ನಿಂತ ಬೆಟ್ಟದ ತಲೆಗಳನ್ನು ವಿಜ್ಞಾನಿಗಳು ‘ಗಗನ ದ್ವೀಪ’ ಎನ್ನುವುದು ಇದಕ್ಕೇ.

ಬೆಟ್ಟಗಳು ಬಹುತೇಕ ದೇಶಗಳಲ್ಲಿ ಇವೆ. ಉಷ್ಣವಲಯದ ಬೆಟ್ಟಗಳೇ ಜೀವಿಗಳನ್ನು ಹೆಚ್ಚು ಬೇರ್ಪಡಿಸುವುದೇಕೆ? ಅಮೆರಿಕದ ಜೀವಿವಿಜ್ಞಾನಿ ಡೇನಿಯಲ್ ಜಾನ್ಜೆನ್ 1967ರಲ್ಲಿ ಕೊಟ್ಟ ವಿವರಣೆ ಇಂದಿಗೂ ಚರ್ಚೆಯ ತಳಹದಿಯಾಗಿದೆ. ಶೀತದೇಶದ ಪ್ರಾಣಿ ಒಂದೇ ವರ್ಷದಲ್ಲಿ ಹಿಮವನ್ನೂ ಸೆಕೆಯನ್ನೂ ಕಾಣುತ್ತದೆ. ಹಾಗಾಗಿ ಬೆಟ್ಟ ಹತ್ತಿಳಿದರೂ ಅದಕ್ಕೆ ಹೊಸ ಹವೆ ಎದುರಾಗುವುದಿಲ್ಲ. ಉಷ್ಣವಲಯದಲ್ಲಿ ಒಂದು ಎತ್ತರದ ಉಷ್ಣಾಂಶ ವರ್ಷವಿಡೀ ಹೆಚ್ಚು ಏರಿಳಿಯುವುದಿಲ್ಲ. ಅಲ್ಲಿನ ಜೀವಿ ಆ ಸಣ್ಣ ಅಂತರಕ್ಕೇ ಒಗ್ಗಿಕೊಳ್ಳುತ್ತದೆ. ಕೆಲವು ನೂರು ಮೀಟರ್ ಕೆಳಗಿಳಿದರೂ ಅದಕ್ಕೆ ಪರದೇಶ.

ಬೇರ್ಪಟ್ಟ ಮಾತ್ರಕ್ಕೆ ಹೊಸ ಪ್ರಭೇದ ಹುಟ್ಟದು, ಬಹಳ ಕಾಲ ಹಿಡಿಯುತ್ತದೆ. ಭೂಮಿ ತಂಪಾದ ಯುಗಗಳಲ್ಲಿ ಬೆಟ್ಟದ ತಂಪು ಕೆಳಕ್ಕಿಳಿಯುತ್ತದೆ, ಬಿಸಿಯಾದಾಗ ನೆತ್ತಿಗೆ ಸರಿಯುತ್ತದೆ. ಹವೆ ಒಣಗಿದರೆ ಕಾಡು ಕುಗ್ಗಿ, ತೇವ ಉಳಿದ ಕಡೆಗಳಲ್ಲಷ್ಟೇ ನಿಲ್ಲುತ್ತದೆ. ಒಂದೇ ಕಪ್ಪೆಯ ಸಂತತಿ ಹೀಗೆ ಕೂಡಿ, ಮತ್ತೆ ಬೇರೆಯಾಗಿ, ಕೊನೆಗೆ ಎರಡೂ ಕಡೆಯವು ಒಂದರ ಕೂಗಿಗೆ ಇನ್ನೊಂದು ಓಗೊಡದಷ್ಟು ದೂರವಾಗುತ್ತವೆ. ಘಟ್ಟದ ಸಾಲನ್ನೇ ಕಡಿದಂತಿರುವ, ಸುಮಾರು 30ರಿಂದ 40 ಕಿಲೋಮೀಟರ್ ಅಗಲದ ಪಾಲಕ್ಕಾಡು ಕಣಿವೆ ಅಂಥ ದೊಡ್ಡ ಗಡಿ. ಅದರ ಉತ್ತರದ ನೀಲಗಿರಿಗೂ ದಕ್ಷಿಣದ ಪಳನಿ ಬೆಟ್ಟಗಳಿಗೂ ಒಂದೇ ಕುಲದ ಬೇರೆಬೇರೆ ಮರಗಪ್ಪೆಗಳಿವೆ.

ಈ ಕಥೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಪೊದೆಗಪ್ಪೆಗಳಲ್ಲಿ. ಹೆಬ್ಬೆರಳ ಉಗುರಿನಷ್ಟರಿಂದ ತುಸು ದೊಡ್ಡವರೆಗಿನ ಈ ಕಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯೊಳಗೇ ಬೆಳವಣಿಗೆ ಮುಗಿದು ಪುಟ್ಟ ಕಪ್ಪೆಯೇ ಹೊರಬರುತ್ತದೆ. ಕೆರೆಯ ಹಂಗು ತಪ್ಪಿದ್ದರಿಂದ ನೀರು ನಿಲ್ಲದ ಇಳಿಜಾರು, ಶಿಖರಗಳಲ್ಲೂ ಅವು ನೆಲೆಯೂರಿದವು. ಹಳ್ಳ ಹಿಡಿದು ಮರಿಗಳು ಕೆಳಕ್ಕೆ ಹರಡುವ ದಾರಿಯೂ ಅಲ್ಲಿಗೆ ಮುಚ್ಚಿತು. ಸ್ವಾತಂತ್ರ್ಯವೇ ಬಂಧನವೂ ಆದ ಈ ತಿರುವು ಕಪ್ಪೆಗಳ ವಿಕಾಸದಲ್ಲೇ ಗಮನಾರ್ಹವಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ವಿಜಯಕುಮಾರ್, ಕಾರ್ತಿಕ್ ಶಂಕರ್ ಮತ್ತು ಸಂಗಡಿಗರು 2014ರಲ್ಲಿ ಒಂದೇ ಪ್ರಬಂಧದಲ್ಲಿ ಒಂಬತ್ತು ಹೊಸ ಪೊದೆಗಪ್ಪೆಗಳನ್ನು ವಿವರಿಸಿದರು. ಹಿಮಯುಗಗಳು, ಎತ್ತರದ ಏರಿಳಿತ, ಕಣಿವೆಗಳು ಸೇರಿ ಇವನ್ನು ಕವಲೊಡೆಸಿದವೆಂದು 2016ರಲ್ಲಿ ತೋರಿಸಿದರು. ನೋಟಕ್ಕೆ ಒಂದೇ ತೆರನಾದ ಕಪ್ಪೆಗಳನ್ನು ಡಿಎನ್‌ಎ ಮತ್ತು ಗಂಡಿನ ಕೂಗಿನಿಂದ ಬೇರೆಬೇರೆ ಎಂದು ಗುರುತಿಸಬೇಕಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿಯ ಹೆಸರನ್ನೇ ಹೊತ್ತ ಪೊದೆಗಪ್ಪೆಯೂ ಇದೇ ಕುಲದ್ದು.

ಈ ಕುಲದ ವೈಜ್ಞಾನಿಕ ಹೆಸರು ರಾವ್‌ಆರ್ಕೆಸ್ಟಿಸ್. ಅದರಲ್ಲಿರುವ ‘ರಾವ್’ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 1937ರಲ್ಲಿ ಅವರು ಹೆಸರಿಸಿದ ಕಪ್ಪೆಗಳಲ್ಲಿ ಒಂದರ ಹೆಸರಿನಲ್ಲಿ ಚಿಕ್ಕಮಗಳೂರಿನ ಕೊಟ್ಟಿಗೆಹಾರ ಉಳಿದಿದೆ. ಭೋರ್ಗರೆವ ಹಳ್ಳದ ಸದ್ದಿನಲ್ಲಿ ಕೂಗು ಕೇಳಿಸದೆಂದು ಆ ಕಪ್ಪೆ ಹಿಂಗಾಲನ್ನು ಚಾಚಿ, ಬೆರಳು ಬಿಡಿಸಿ ಸನ್ನೆ ಮಾಡುತ್ತದೆ.

ಉತ್ತರ ಕನ್ನಡದಲ್ಲಿ ಘಟ್ಟ ತಗ್ಗುತ್ತದೆ, ಗಗನ ದ್ವೀಪಗಳಿಲ್ಲ. ಅಲ್ಲಿ ಮಳೆಗಾಡು ಮತ್ತು ಹಳ್ಳಗಳ ಹಿಡಿತವೇ ಹೆಚ್ಚು. ಶರಾವತಿ ಸೀಮೆಯಿಂದ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ವಿವರಿಸಿದ ಕುಂಬಾರ ಕಪ್ಪೆಯ ಗಂಡು, ಹೆಣ್ಣು ಕಡ್ಡಿಗೆ ಅಂಟಿಸಿಹೋದ ಮೊಟ್ಟೆಗಳಿಗೆ ಹಳ್ಳದ ಕೆಸರನ್ನು ಮುಂಗಾಲಿನಿಂದ ತೆಗೆದು ಮೆತ್ತುತ್ತದೆ.

ದೂರದ ಬ್ರೆಜಿಲ್‌ನಲ್ಲೂ ಇಂಥದೇ ನಡೆದಿದೆ. ಅಲ್ಲಿನ ಅಟ್ಲಾಂಟಿಕ್ ಮಳೆಕಾಡಿನ ಬೆಟ್ಟಗಳಲ್ಲಿ ಉಗುರಿನಷ್ಟು ಪುಟ್ಟ ಕಪ್ಪೆಗಳ ಹಲವು ಪ್ರಭೇದಗಳು ಒಂದೆರಡು ಶಿಖರಗಳಿಗಷ್ಟೇ ಸೀಮಿತ. ಅವಕ್ಕೂ ಗೊದಮೊಟ್ಟೆಯಿಲ್ಲ.

ನೆಲೆ ಕಿರಿದಾದಷ್ಟೂ ಅಪಾಯ ಹತ್ತಿರ. 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಜಾಗತಿಕ ಸಮೀಕ್ಷೆಯ ಪ್ರಕಾರ ಕಪ್ಪೆ ಮೊದಲಾದ ಉಭಯವಾಸಿಗಳಲ್ಲಿ ಶೇ 41ರಷ್ಟು ಪ್ರಭೇದಗಳು ಅಳಿವಿನ ಹಾದಿಯಲ್ಲಿವೆ. 2004ರಿಂದೀಚೆಗೆ ಅವುಗಳ ಸ್ಥಿತಿ ಹದಗೆಡಿಸಿದ ಕಾರಣಗಳಲ್ಲಿ ಹವಾಮಾನ ಬದಲಾವಣೆ ಮುಂದಿದೆ. ಬಿಸಿ ಏರಿದಾಗ ಬೆಟ್ಟದ ನಡುವಿನ ಕಪ್ಪೆ ತುಸು ಮೇಲಕ್ಕೆ ಸರಿದೀತು, ನೆತ್ತಿಯಲ್ಲಿರುವುದಕ್ಕೆ ಮೇಲೆ ಜಾಗವಿಲ್ಲ. ಶೋಲಾ ಅಂಚಿನ ಕಾಳ್ಗಿಚ್ಚು, ಶಿಖರದವರೆಗೆ ಕೊರೆದ ರಸ್ತೆ, ಹಳ್ಳ ತಿರುಗಿಸುವ ಕಾಮಗಾರಿ ಇವುಗಳಲ್ಲಿ ಒಂದೊಂದೂ ಅಂಥ ಪ್ರಭೇದದ ಇಡೀ ಸಂತತಿಯನ್ನು ಒಮ್ಮೆಗೇ ತಾಗುತ್ತದೆ.