ಕೊಡದ ಮೇಲಿನ ತ್ರಿಭುಜ: ವಿಶ್ವವಿದ್ಯಾಲಯದಲ್ಲಿ ರೇಖಾಗಣಿತದ ಕಲಿಕೆ

ಗೋವಿನಕೋವಿ: ಹತ್ತನೇ ತರಗತಿಯಲ್ಲಿ ಪೈಥಾಗೊರಸ್ ಪ್ರಮೇಯವನ್ನು ಚಿತ್ರಸಹಿತ ಸಾಧಿಸಿ ಪೂರ್ಣ ಅಂಕ ಪಡೆದ ವಿದ್ಯಾರ್ಥಿಯೇ ಎಂ.ಎಸ್ಸಿ. ತರಗತಿಯಲ್ಲಿ ರೇಖಾಗಣಿತದ ಮೊದಲ ಪಾಠ ಕೇಳಿ ತಬ್ಬಿಬ್ಬಾಗುವುದುಂಟು. ಅಲ್ಲಿ ಕೈವಾರವಿಲ್ಲ, ಕೋನಮಾಪಕವಿಲ್ಲ; ಕಪ್ಪುಹಲಗೆಯ ಮೇಲೆ ಚಿತ್ರಕ್ಕಿಂತ ಸಮೀಕರಣಗಳೇ ಹೆಚ್ಚು. ಹಾಗಾದರೆ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ರೇಖಾಗಣಿತವೆಂದರೆ ಏನು? ಅದನ್ನು ಹೇಗೆ ಕಲಿಯಬೇಕು, ಹೇಗೆ ಕಲಿಸಬೇಕು? ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಭಾಗದ ಹಳ್ಳಿಗಳಿಂದ ಗಣಿತ ಓದಲು ಹೊರಡುವವರಿಗೆ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ.

ಎರಡು ವಿವಿಗಳ ಸೀಮೆ

ಹೊನ್ನಾಳಿ ಮತ್ತು ಚನ್ನಗಿರಿ 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಆರಂಭವಾಯಿತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದ ಮೇಲೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪದವಿ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು.

ರೇಖಾಗಣಿತದ ಸಂಶೋಧನೆಯಲ್ಲಿ ಈ ಸೀಮೆ ಹಿಂದುಳಿದಿಲ್ಲ ಎಂಬುದು ಹೊರಗೆ ಹೆಚ್ಚು ತಿಳಿಯದ ಸಂಗತಿ. ಶಂಕರಘಟ್ಟದ ಗಣಿತ ವಿಭಾಗದಲ್ಲಿ ಪ್ರೊ. ಸಿ.ಎಸ್. ಬಾಗೇವಾಡಿ ಹಾಗೂ ಅವರ ಸಹಸಂಶೋಧಕರು ಜಪಾನಿನ ಗಣಿತಜ್ಞರಾದ ಸಸಾಕಿ, ಕೆನ್ಮೋಟ್ಸು ಅವರ ಹೆಸರಿನ ಜ್ಯಾಮಿತೀಯ ರಚನೆಗಳ ಕುರಿತು ಅನೇಕ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಅದೇ ವಿಭಾಗದ ಪ್ರೊ. ಎಸ್.ಕೆ. ನರಸಿಂಹಮೂರ್ತಿ ಅವರ ಕ್ಷೇತ್ರ ಫಿನ್ಸ್ಲರ್ ರೇಖಾಗಣಿತ. ದಾವಣಗೆರೆ ವಿವಿಯ ಗಣಿತ ವಿಭಾಗದಿಂದಲೂ ಇದೇ ಬಗೆಯ ಪ್ರಬಂಧಗಳು ಬಂದಿವೆ.

ಐದು ವರ್ಷಗಳ ಕಂದಕ

ತೊಡಕಿರುವುದು ಸಂಶೋಧನೆಯಲ್ಲಲ್ಲ, ಅಲ್ಲಿಗೆ ತಲುಪುವ ದಾರಿಯಲ್ಲಿ. ಪ್ರೌಢಶಾಲೆಯಲ್ಲಿ ತ್ರಿಭುಜ, ವೃತ್ತಗಳ ಚಿತ್ರ ಬರೆದು ತರ್ಕದಿಂದ ಪ್ರಮೇಯ ಸಾಧಿಸುವ ಕ್ರಮ ಎಸ್ಸೆಸ್ಸೆಲ್ಸಿಗೇ ಬಹುತೇಕ ಮುಗಿಯುತ್ತದೆ. ಪಿಯುಸಿಯಲ್ಲಿ ಸರಳರೇಖೆಯೂ ವೃತ್ತವೂ ಸಮೀಕರಣಗಳಾಗುತ್ತವೆ. ಪದವಿಯಲ್ಲಿ ಕಲನಶಾಸ್ತ್ರ, ಬೀಜಗಣಿತಗಳದ್ದೇ ಮೇಲುಗೈ. ಎರಡು ವರ್ಷದ ಪಿಯುಸಿ, ಮೂರು ವರ್ಷದ ಪದವಿ ಕಳೆದು ಎಂ.ಎಸ್ಸಿ.ಯಲ್ಲಿ 'ಡಿಫರೆನ್ಷಿಯಲ್ ಜಾಮೆಟ್ರಿ' ಎದುರಾದಾಗ ಹಳೆಯ ಪರಿಚಯದ ಗುರುತೇ ಸಿಗುವುದಿಲ್ಲ.

ಇದರ ಜೊತೆಗೆ ಭಾಷೆಯ ತೊಡಕು. ಕನ್ನಡ ಮಾಧ್ಯಮದಲ್ಲಿ ಸ್ಪರ್ಶಕ, ಲಂಬ, ಪ್ರಮೇಯ ಎಂದು ಕಲಿತವರು ಪಿಯು ವಿಜ್ಞಾನ ವಿಭಾಗಕ್ಕೆ ಕಾಲಿಟ್ಟೊಡನೆ ಟ್ಯಾಂಜೆಂಟ್, ಪರ್ಪೆಂಡಿಕ್ಯುಲರ್, ಥಿಯರಂ ಎಂದು ಹೊಸದಾಗಿ ಕಲಿಯಬೇಕು. ವಿಷಯ ತಿಳಿದಿದ್ದರೂ ಪದ ತಿಳಿಯದೆ ಹಿಂಜರಿಯುವ ವಿದ್ಯಾರ್ಥಿ ತನಗೆ ಗಣಿತವೇ ಒಗ್ಗದೆಂದು ಭಾವಿಸುವ ಅಪಾಯವಿದೆ.

ಕೊಡ ಕಲಿಸುವ ಪಾಠ

ವಾಸ್ತವದಲ್ಲಿ ಉನ್ನತ ರೇಖಾಗಣಿತದ ಮೂಲಪ್ರಶ್ನೆ ಬಲು ಸರಳ: ಮೇಲ್ಮೈ ಬಾಗಿದ್ದರೆ ಅದರ ಮೇಲಿನ ಅಳತೆಗಳು ಹೇಗೆ ಬದಲಾಗುತ್ತವೆ?

ನೀರಿನ ಕೊಡವೊಂದನ್ನು ಗಮನಿಸಿ. ಉಬ್ಬಿದ ಹೊಟ್ಟೆಯ ಮೇಲೆ ಮೂರು ಬಿಂದುಗಳನ್ನು ಗುರುತಿಸಿ, ಅವುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ತ್ರಿಭುಜ ಮಾಡಿದರೆ ಕೋನಗಳ ಮೊತ್ತ 180 ಡಿಗ್ರಿಯನ್ನು ಮೀರುತ್ತದೆ. ಒಳಸರಿದ ಕುತ್ತಿಗೆಯ ಭಾಗದಲ್ಲಿ ಎರಡು ದಿಕ್ಕಿನ ಬಾಗುಗಳು ಪರಸ್ಪರ ವಿರುದ್ಧ. ಅಲ್ಲಿಯ ಕಿರಿದಾದ ತ್ರಿಭುಜದಲ್ಲಿ ಮೊತ್ತ 180ಕ್ಕಿಂತ ಕಡಿಮೆ. ಮೊದಲನೆಯದು ಧನ ವಕ್ರತೆ, ಎರಡನೆಯದು ಋಣ ವಕ್ರತೆ. ಪಂಪ್‌ಸೆಟ್ಟಿನ ಕೊಳವೆ ನೋಡಲು ಬಾಗಿದ್ದರೂ ಉದ್ದಕ್ಕೆ ನೇರವಾಗಿದೆ. ಅದರ ವಕ್ರತೆ ಸೊನ್ನೆ. ಆದ್ದರಿಂದಲೇ ಕಾಗದವನ್ನು ಕೊಳವೆಗೆ ಸುಕ್ಕಿಲ್ಲದೆ ಸುತ್ತಬಹುದು, ಕೊಡದ ಹೊಟ್ಟೆಗೆ ಸುತ್ತಲಾಗದು.

ವಸ್ತುವನ್ನು ಹೊರಗಿನಿಂದ ನೋಡದೆ, ಮೇಲ್ಮೈಯಲ್ಲೇ ಅಳತೆ ಮಾಡಿ ಈ ವಕ್ರತೆಯನ್ನು ಕಂಡುಹಿಡಿಯಬಹುದೆಂದು ಜರ್ಮನಿಯ ಗೌಸ್ 1827ರಲ್ಲಿ ತೋರಿಸಿದರು. ದುಂಡಗಿನ ಭೂಮಿಯ ನಕಾಶೆಯನ್ನು ಸಮತಟ್ಟಾದ ಹಾಳೆಯ ಮೇಲೆ ದೋಷವಿಲ್ಲದೆ ಬರೆಯಲಾಗದು ಎಂಬುದು ಇದರ ನೇರ ಪರಿಣಾಮ. 1854ರಲ್ಲಿ ರೀಮನ್ ಈ ವಿಚಾರವನ್ನು ಎಷ್ಟೇ ಆಯಾಮಗಳಿಗೂ ಅನ್ವಯಿಸುವಂತೆ ವಿಸ್ತರಿಸಿದರು. 1915ರಲ್ಲಿ ಐನ್‌ಸ್ಟೈನ್ ಗುರುತ್ವವನ್ನು ವಿವರಿಸಿದ್ದು ಈ ಗಣಿತದಿಂದಲೇ. ಇಂದು ಮೊಬೈಲಿನಲ್ಲಿ ದಾರಿ ತೋರುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ಭೂಮಿಯ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ. ಐನ್‌ಸ್ಟೈನ್ ಸಿದ್ಧಾಂತದಂತೆ ಅದನ್ನು ಸರಿಪಡಿಸದಿದ್ದರೆ ದಾರಿ ತಪ್ಪುವುದು ಖಚಿತ.

ಹೋಗುವ ದೂರ, ಬರುವ ದೂರ

ಇನ್ನು ಫಿನ್ಸ್ಲರ್ ರೇಖಾಗಣಿತ. ಪೌಲ್ ಫಿನ್ಸ್ಲರ್ ಅವರ 1918ರ ಪಿಎಚ್.ಡಿ. ಪ್ರಬಂಧದಿಂದ ಇದಕ್ಕೆ ಈ ಹೆಸರು ಬಂತು. ಇದನ್ನು ಅರಿಯಲು ತುಂಗಭದ್ರೆಯ ಹರಿಗೋಲು ಸಾಕು. ದೂರವನ್ನು ಮೈಲಿಯಲ್ಲಿ ಅಳೆಯದೆ ತಗಲುವ ಸಮಯದಲ್ಲಿ ಅಳೆಯುವುದಾದರೆ, ಹರಿವಿನ ಜೊತೆ ಸಾಗುವ 'ದೂರ'ವೂ ಹರಿವಿನ ಎದುರು ಮರಳುವ 'ದೂರ'ವೂ ಒಂದೇ ಆಗಿರುವುದಿಲ್ಲ. ರೀಮನ್ನರ ಅಳತೆಗೆ ಈ ವ್ಯತ್ಯಾಸ ಹಿಡಿಯಲಾಗದು. ದಿಕ್ಕಿಗೆ ತಕ್ಕಂತೆ ಬದಲಾಗುವ ಫಿನ್ಸ್ಲರ್ ಅಳತೆಗೆ ಅದು ಸಾಧ್ಯ. ಬೆಟ್ಟ ಹತ್ತುವ ಹಾಗೂ ಇಳಿಯುವ ಶ್ರಮದ ವ್ಯತ್ಯಾಸಕ್ಕೂ ಇದೇ ಬಗೆಯ ಲೆಕ್ಕವಿದೆ.

ಕಲಿಸುವವರ ಹೊಣೆ

ಇಂಥ ನಿದರ್ಶನಗಳು ಸಮೀಕರಣಕ್ಕೆ ಬದಲಿಯಾಗಲಾರವು ನಿಜ. ಆದರೆ ಸೂತ್ರ ಬರೆಯುವ ಮುನ್ನ ಅದು ಯಾವ ಪ್ರಶ್ನೆಗೆ ಉತ್ತರವೆಂದು ತಿಳಿದವನಿಗೆ ಲೆಕ್ಕದ ಗೋಜಲಿನ ನಡುವೆಯೂ ದಿಕ್ಕು ತಪ್ಪುವುದಿಲ್ಲ. ಇಲ್ಲವಾದರೆ ಪರೀಕ್ಷೆಗಾಗಿ ಬಾಯಿಪಾಠ, ಅನಂತರ ಮರೆವು ಎಂಬಲ್ಲಿಗೆ ಕಲಿಕೆ ನಿಲ್ಲುತ್ತದೆ.

ಕನ್ನಡದಲ್ಲಿ ಇದನ್ನೆಲ್ಲ ಹೇಳಲಾಗದೆಂಬ ಮಾತಿಗೂ ಆಧಾರವಿಲ್ಲ. ಕ್ರಿ.ಶ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರ ಸಂಗ್ರಹ' ರಚಿಸಿದರೆ, 12ನೇ ಶತಮಾನದ ರಾಜಾದಿತ್ಯ 'ಕ್ಷೇತ್ರಗಣಿತ'ವನ್ನು ಕನ್ನಡದಲ್ಲೇ ಬರೆದ. ತರಗತಿಯಲ್ಲಿ ಇಂಗ್ಲಿಷ್ ಪದದೊಂದಿಗೆ ವಿದ್ಯಾರ್ಥಿ ಮೊದಲೇ ಬಲ್ಲ ಕನ್ನಡ ಪದವನ್ನೂ ಹೇಳುವುದಕ್ಕೆ ಹೆಚ್ಚಿನ ಸಮಯವೇನೂ ಬೇಕಿಲ್ಲ.

ಈ ಮಾತು ವಿವಿ ಆವರಣಕ್ಕಷ್ಟೇ ಸೀಮಿತವಲ್ಲ. ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದ ಅನೇಕರು ಪಿಯು ಉಪನ್ಯಾಸಕರಾಗಿ, ಪ್ರೌಢಶಾಲಾ ಶಿಕ್ಷಕರಾಗಿ ಹಳ್ಳಿಗಳಿಗೇ ಮರಳುತ್ತಾರೆ. ವಕ್ರತೆಯನ್ನು ಅರ್ಥ ಮಾಡಿಕೊಂಡ ಶಿಕ್ಷಕ, ತ್ರಿಭುಜದ ಕೋನಗಳ ಮೊತ್ತ 180 ಎಂದು ಕಲಿಸುವಾಗ 'ಸಮತಲದಲ್ಲಿ' ಎಂಬ ಒಂದು ಪದವನ್ನು ಸೇರಿಸುತ್ತಾನೆ. ಬೇರೆ ತಲಗಳಲ್ಲಿ ಎಷ್ಟು ಎಂದು ಕೇಳುವ ವಿದ್ಯಾರ್ಥಿ ಗೋವಿನಕೋವಿಯಂಥ ಊರಿನ ತರಗತಿಯಲ್ಲೂ ಇರಬಹುದು. ಆ ಪ್ರಶ್ನೆಗೆ ಉತ್ತರಿಸಬಲ್ಲ ಶಿಕ್ಷಕರನ್ನು ರೂಪಿಸುವುದು ಸಂಶೋಧನಾ ಪ್ರಬಂಧಗಳಷ್ಟೇ ಮುಖ್ಯವಾದ ಕೆಲಸ.